ಶೇ 35ರ ಅಂಗವೈಕಲ್ಯ ಪ್ರಮಾಣಪತ್ರ ಕೈಗೆ ಬಂದಿದೆ, ಇದರಿಂದ ಏನು ಪ್ರಯೋಜನ?

ಪ್ರಶ್ನೆ: ‘ಹೊಳೆದಂಡೆ’

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ 34 ವರ್ಷ. ಆಕೆಗೆ ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವುದು ಆರು ವರ್ಷಗಳ ಹಿಂದೆ ಎಂ.ಆರ್.ಐ. ಮಾಡಿಸಿದಾಗ ಖಚಿತವಾಯಿತು. ಈ ರೋಗವನ್ನು ಹತ್ತಿರದಿಂದ ಕಾಣದವರಿಗಾಗಿ ಹೇಳುವುದಾದರೆ, ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಹೊದಿಕೆಯನ್ನು ಹಾಳುಮಾಡುತ್ತದೆ. ಅಕ್ಕನಿಗೆ ಬಂದಿರುವ ಬಗೆಯಲ್ಲಿ ರೋಗವು ಕೆಲವು ವಾರ ಉಲ್ಬಣಿಸುತ್ತದೆ, ಮತ್ತೆ ತಿಂಗಳುಗಟ್ಟಲೆ ತಣ್ಣಗಿರುತ್ತದೆ, ಆದರೆ ಪ್ರತಿ ಬಾರಿ ಇಳಿದು ಹೋಗುವಾಗಲೂ ಏನನ್ನಾದರೂ ಒಂದಿಷ್ಟು ಕಸಿದುಕೊಂಡೇ ಹೋಗುತ್ತದೆ. ಒಂದೇ ದಿನದೊಳಗೂ ಏರಿಳಿತವಿದೆ. ಬೆಳಿಗ್ಗೆ ನೋಡಿದವರಿಗೆ ಆಕೆ ಆರೋಗ್ಯವಂತೆಯಾಗಿಯೇ ಕಾಣುತ್ತಾಳೆ. ಬಿಸಿಲೇರಿ ಆಯಾಸವಾದಂತೆ ಬಲಗಾಲು ಮಾತು ಕೇಳುವುದಿಲ್ಲ.

ಕಳೆದ ತಿಂಗಳು ಅಂಗವೈಕಲ್ಯ ಪ್ರಮಾಣಪತ್ರಕ್ಕಾಗಿ ಮೆಡಿಕಲ್ ಬೋರ್ಡ್ ಮುಂದೆ ಹಾಜರಾದೆವು. ಆಗ ಬೆಳಗಿನ ಹತ್ತೂವರೆ. ಅಕ್ಕ ಬಾಗಿಲಿನಿಂದ ಮೇಜಿನವರೆಗೆ ಹನ್ನೊಂದು ಹೆಜ್ಜೆ ನಡೆದಳು (ನಾನು ಎಣಿಸಿದ್ದೇನೆ), ಕುರ್ಚಿಯಲ್ಲಿ ಕುಳಿತಳು, ವೈದ್ಯರು ಅಂಗೈ ಒಡ್ಡಿದಾಗ ಪಾದದಿಂದ ಒತ್ತಿ ತೋರಿಸಿದಳು, ಕಣ್ಣು ಮುಚ್ಚಿ ಬೆರಳನ್ನು ಮೂಗಿಗೆ ಮುಟ್ಟಿಸಿದಳು. ಒಟ್ಟು ಐದಾರು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಊರಿಗೆ ಮರಳುವ ಬಸ್ಸು ಹತ್ತುವಾಗ ಮೊದಲ ಮೆಟ್ಟಿಲಿಗೆ ಬಲಗಾಲು ಏಳಲಿಲ್ಲ. ಆಕೆ ಎರಡೂ ಕೈಗಳಿಂದ ತನ್ನ ತೊಡೆಯನ್ನು ಹಿಡಿದೆತ್ತಿ, ಏನೋ ಸಾಮಾನು ಇಡುವಂತೆ, ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಅದನ್ನು ಕಂಡದ್ದು ನಾನು ಮತ್ತು ಕಂಡಕ್ಟರ್ ಇಬ್ಬರೇ. ಈಗ ಬಂದಿರುವ ಪ್ರಮಾಣಪತ್ರದಲ್ಲಿ ಶೇ 35 ಎಂದು ಬರೆದಿದೆ. ಅದೂ ತಾತ್ಕಾಲಿಕ, ಎರಡು ವರ್ಷಗಳ ಅವಧಿಯದು.

ಅಕ್ಕ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ, ತಿಂಗಳಿಗೆ 18,000 ರೂಪಾಯಿ ಸಂಬಳ. ಆಕೆಯ ತರಗತಿ ಎರಡನೇ ಮಹಡಿಯಲ್ಲಿದೆ. ಶೇ 40 ಇಲ್ಲದಿದ್ದರೆ ಆ ಕಾಗದವನ್ನು ಪೆಟ್ಟಿಗೆಯಲ್ಲಿಡಬಹುದಷ್ಟೇ ಎಂದು ಕೆಲವರು, ಮುಂದಿನ ಬಾರಿ ಕೋಲು ಹಿಡಿದುಕೊಂಡು, ನಡೆಯಲು ಬಾರದವಳಂತೆ ಹೋಗಬೇಕೆಂದು ಇನ್ನು ಕೆಲವರು ಹೇಳುತ್ತಿದ್ದಾರೆ. ಹಾಗೆ ಮಾಡಲು ಅಕ್ಕ ಒಪ್ಪುವುದಿಲ್ಲ. ಅವಳು ಒಪ್ಪಿದರೂ ನನಗೆ ಮನಸ್ಸಿಲ್ಲ. ಕೆಲಸ ಬಿಟ್ಟರೆ ಸರ್ಕಾರದ ನೆರವು ಸುಲಭವಾಗಿ ಸಿಗುತ್ತದೆ ಎಂಬ ಮಾತೂ ಕಿವಿಗೆ ಬಿದ್ದಿದೆ. ಇದರಲ್ಲಿ ಎಷ್ಟು ನಿಜ? ಶೇ 35ಕ್ಕೆ ಏನಾದರೂ ಬೆಲೆ ಇದೆಯೇ? ಮಂಡಳಿಯ ತೀರ್ಮಾನವನ್ನು ಪ್ರಶ್ನಿಸಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ‘ನಿವೃತ್ತ ಗುಮಾಸ್ತ’

ತಾಲ್ಲೂಕು ಕಚೇರಿಯೊಂದರಲ್ಲಿ ಮಾಸಾಶನದ ಕಡತಗಳನ್ನು ಬಹಳ ವರ್ಷ ನೋಡಿಕೊಂಡವನು ನಾನು. ಆ ಅನುಭವದ ಮೇಲೆ ಉತ್ತರಿಸುತ್ತೇನೆ, ಸ್ವಲ್ಪ ದೀರ್ಘವಾದರೆ ಸಹಿಸಿಕೊಳ್ಳಿ.

ನಿಮ್ಮ ಕೊನೆಯ ಪ್ರಶ್ನೆಯೇ ತುರ್ತಿನದು, ಅಲ್ಲಿಂದಲೇ ಆರಂಭಿಸುತ್ತೇನೆ. ಪ್ರಶ್ನಿಸಬಹುದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 59ನೇ ಸೆಕ್ಷನ್ ಪ್ರಮಾಣಪತ್ರ ನೀಡಿದ ಪ್ರಾಧಿಕಾರದ ತೀರ್ಮಾನದ ವಿರುದ್ಧ ಮೇಲ್ಮನವಿಗೆ ಅವಕಾಶ ಕೊಟ್ಟಿದೆ, ಮತ್ತು ನಿಯಮಗಳ ಪ್ರಕಾರ ತೀರ್ಮಾನದ ದಿನಾಂಕದಿಂದ 90 ದಿನಗಳೊಳಗೆ ಅದನ್ನು ಸಲ್ಲಿಸಬೇಕು. ಕಳೆದ ತಿಂಗಳು ಎಂದಿದ್ದೀರಿ, ಆದ್ದರಿಂದ ದಿನಾಂಕವನ್ನು ಇಂದೇ ನೋಡಿಕೊಳ್ಳಿ. ಅರ್ಜಿಯನ್ನು ಯಾವ ಪ್ರಾಧಿಕಾರದ ಹೆಸರಿಗೆ ಬರೆಯಬೇಕೆಂಬುದನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಅರ್ಜಿಯ ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಆ ಕಟ್ಟಡದಿಂದ ಹೊರಬರಬೇಡಿ. ಬಾಯಿಮಾತಿನಲ್ಲಿ ‘ಆಗುವುದಿಲ್ಲ’ ಎಂದರೆ ಕಾರಣ ಸಹಿತ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೊಡಿ ಎಂದು ಕೇಳಿ. ಹಿಂಬರಹ ಎಂಬ ಶಬ್ದ ಬಾಯಿಂದ ಬಿದ್ದ ಕೂಡಲೇ ಆಗುವುದಿಲ್ಲ ಎಂದಿದ್ದ ಎಷ್ಟೋ ಕೆಲಸಗಳು ಆದದ್ದನ್ನು ಮೇಜಿನ ಈ ಬದಿಯಿಂದ ನೋಡಿದ್ದೇನೆ.

ಇನ್ನು ಕೋಲು ಹಿಡಿದು ನಾಟಕವಾಡುವ ಸಲಹೆ. ಅದು ನೀತಿಯ ಮಾತಿರಲಿ, ಉಪಯೋಗಕ್ಕೂ ಬಾರದು. ಒಂದು ದಿನದ ನಡಿಗೆಯನ್ನು ಅಳೆದದ್ದೇ ತಪ್ಪು ಎನ್ನುವುದು ನಿಮ್ಮ ವಾದ. ಇನ್ನೊಂದು ದಿನದ ಸುಳ್ಳು ನಡಿಗೆಯನ್ನು ಅದರೆದುರು ಇಟ್ಟರೆ ಆ ವಾದ ಅಲ್ಲಿಗೇ ಕುಸಿಯುತ್ತದೆ. ಅದರ ಬದಲು ದಿನಚರಿ ಬರೆಯಿಸಿ. ಎಷ್ಟು ಹೊತ್ತಿಗೆ ಕಾಲು ಸೋತಿತು, ಎಷ್ಟು ಮೆಟ್ಟಿಲು ಹತ್ತಿದ ಮೇಲೆ ನಿಲ್ಲಬೇಕಾಯಿತು, ಯಾವ ದಿನ ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕಾಯಿತು, ಎಷ್ಟು ದಿನ ರಜೆ ಹಾಕಿದರು, ಎಲ್ಲವೂ ದಿನಾಂಕದೊಂದಿಗೆ ಇರಲಿ. ನರರೋಗ ತಜ್ಞರಿಂದ ಪತ್ರ ತೆಗೆದುಕೊಳ್ಳುವಾಗ ಕೇವಲ ರೋಗದ ಹೆಸರು ಮತ್ತು ಔಷಧದ ಪಟ್ಟಿ ಬರೆಸಿಕೊಂಡು ಬಂದರೆ ಸಾಲದು. ರೋಗ ಏರಿಳಿಯುವ ಸ್ವಭಾವದ್ದು, ಆರು ವರ್ಷಗಳಲ್ಲಿ ಇಷ್ಟು ಬಾರಿ ಉಲ್ಬಣಿಸಿದೆ, ಆಯಾಸವಾದಾಗ ಬಲಗಾಲಿನ ಶಕ್ತಿ ಇಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಅವರು ಬರೆಯಬೇಕು. ಸಾಧ್ಯವಾದರೆ ಮರುಪರೀಕ್ಷೆಯನ್ನು ಮಧ್ಯಾಹ್ನದ ನಂತರ ಇಟ್ಟುಕೊಳ್ಳುವಂತೆ ಅರ್ಜಿಯಲ್ಲೇ ಕೋರಿಕೊಳ್ಳಿ.

ಶೇ 35ರ ಬೆಲೆಯ ವಿಚಾರಕ್ಕೆ ಬಂದರೆ, ಸರ್ಕಾರದ ಕಿಟಕಿಗಳು ಕೇಳುವ ಪ್ರಶ್ನೆ ಒಂದೇ ಅಲ್ಲ ಎಂಬುದನ್ನು ಮೊದಲು ಅರಿಯಬೇಕು. ಕೆಲವು ಕಿಟಕಿಗಳು ‘ಎಷ್ಟು ಶೇಕಡಾ’ ಎಂದು ಕೇಳುತ್ತವೆ, ಕೆಲವು ‘ಯಾವ ರೋಗ’ ಎಂದು, ಇನ್ನು ಕೆಲವು ‘ಎಷ್ಟು ಆದಾಯ’ ಎಂದು. ಮಾಸಾಶನ ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳನ್ನು ಒಟ್ಟಿಗೆ ಕೇಳುತ್ತದೆ. ಕರ್ನಾಟಕದಲ್ಲಿ ಅದು ಶೇ 40ರಿಂದ ಆರಂಭವಾಗಿ ಶೇ 75ಕ್ಕೆ ಹೆಚ್ಚಾಗುತ್ತದೆ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಯಂತೂ ಶೇ 80 ಇದ್ದು ಬಡತನ ರೇಖೆಯ ಕೆಳಗಿರುವವರಿಗೆ ಮಾತ್ರ, ಅದರಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 300 ರೂಪಾಯಿ. ಹದಿನೆಂಟು ಸಾವಿರದ ಕೆಲಸ ಬಿಟ್ಟು ಈ ಮೊತ್ತಕ್ಕೆ ಕಾಯಿರಿ ಎಂದು ನಿಮ್ಮ ಅಕ್ಕನಿಗೆ ಹೇಳಿದವರು ಯಾರೇ ಆಗಿರಲಿ, ಅವರಿಗೆ ಲೆಕ್ಕ ಬರುವುದಿಲ್ಲ. ಆದಾಯ ತೆರಿಗೆಯಲ್ಲಿ 1961ರ ಕಾಯ್ದೆಯ 80ಯು ಸೆಕ್ಷನ್ ಕೊಡುತ್ತಿದ್ದ 75,000 ರೂಪಾಯಿಗಳ ಕಡಿತಕ್ಕೂ ಶೇ 40 ಬೇಕಿತ್ತು. ಈ ಸಂಬಳಕ್ಕೆ ಆ ಚಿಂತೆ ಹೇಗೂ ಇಲ್ಲ.

ಕೊನೆಯದಾಗಿ, ‘ತಾತ್ಕಾಲಿಕ’ ಎಂಬ ಶಬ್ದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ರಮಾಣಪತ್ರದ ಅವಧಿ ಮುಗಿದದ್ದನ್ನು ಗಮನಿಸದೆ ಮಾಸಾಶನ ನಿಂತುಹೋಗಿ, ಯಾಕೆ ನಿಂತಿತೆಂದು ಕೇಳಲು ಮೂರು ಮೂರು ಸಲ ಬಸ್ಸು ಹತ್ತಿ ಬಂದವರನ್ನು ನಾನು ಬಲ್ಲೆ. ಮುಗಿಯುವ ದಿನಕ್ಕೆ ನಾಲ್ಕು ತಿಂಗಳು ಮೊದಲೇ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ (ಯುಡಿಐಡಿ) ಜಾಲತಾಣದಲ್ಲಿ ನವೀಕರಣದ ಅರ್ಜಿ ಹಾಕಿ. ಹಿಂದೆ ಒಂದು ತಿಂಗಳೊಳಗೆ ಪ್ರಮಾಣಪತ್ರ ಕೊಡಬೇಕೆಂದಿದ್ದ ನಿಯಮವನ್ನು 2024ರಲ್ಲಿ ಮೂರು ತಿಂಗಳಿಗೆ ವಿಸ್ತರಿಸಿದ್ದಾರೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದರೆ ಈ ಕೆಲಸದಲ್ಲಿ ನೆರವಾಗುತ್ತಾರೆ. ಅವರಿಗೆ ಸಿಗುವುದು ಅಲ್ಪ ಗೌರವಧನ, ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು, ಹಾಗಾಗಿ ಮಾತನಾಡುವಾಗ ತಾಳ್ಮೆ ಇರಲಿ.

ಉತ್ತರ: ‘ಫ್ಯಾಕ್ಟರ್ ಎಂಟು’

ಹಿರಿಯರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಶೇ 40 ದಾಟಿದರೆ ದಾರಿ ಸಲೀಸು ಎಂಬ ಭಾವನೆ ಓದುವವರಲ್ಲಿ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನನಗೆ ಹಿಮೋಫಿಲಿಯಾ ಇದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಂಶ (ಫ್ಯಾಕ್ಟರ್) ನನ್ನ ದೇಹದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಚಿಕ್ಕಂದಿನಿಂದ ಮೊಣಕಾಲಿನ ಸಂಧಿಯೊಳಗೆ ಮತ್ತೆ ಮತ್ತೆ ರಕ್ತ ಸೋರಿ ಎಡ ಮೊಣಕಾಲು ಈಗ ಪೂರ್ತಿ ಮಡಚುವುದಿಲ್ಲ. 1995ರ ಹಳೆಯ ಕಾಯ್ದೆಯಲ್ಲಿ ಏಳೇ ಬಗೆಯ ವೈಕಲ್ಯಗಳಿದ್ದವು, ನಮ್ಮ ಹೆಸರು ಅಲ್ಲಿರಲಿಲ್ಲ. 2016ರ ಕಾಯ್ದೆ ಆ ಪಟ್ಟಿಯನ್ನು 21ಕ್ಕೆ ಏರಿಸಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡಗೋಲು ಕಣ ರೋಗ, ಮಲ್ಟಿಪಲ್ ಸ್ಕ್ಲಿರೋಸಿಸ್, ಪಾರ್ಕಿನ್ಸನ್ ಎಲ್ಲವನ್ನೂ ಸೇರಿಸಿದಾಗ ನಮ್ಮ ಮನೆಯಲ್ಲಿ ಸಿಹಿ ಹಂಚಿದ್ದರು. ನನ್ನ ಪ್ರಮಾಣಪತ್ರದಲ್ಲಿ ಶೇ 40ಕ್ಕಿಂತ ಹೆಚ್ಚೇ ಇದೆ, ಉನ್ನತ ಶಿಕ್ಷಣದಲ್ಲಿ ಮೀಸಲಿಟ್ಟ ಶೇ 5ರ ಸೀಟುಗಳಲ್ಲಿ ಒಂದು ನನಗೆ ದೊರಕಿತು, ಅದರ ಋಣ ನನ್ನ ಮೇಲಿದೆ.

ಓದು ಮುಗಿಸಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಲು ಕುಳಿತಾಗಲೇ ವಿಷಯ ಗೊತ್ತಾದದ್ದು. ಉದ್ಯೋಗದಲ್ಲಿ ಶೇ 4ರ ಮೀಸಲಾತಿ ಕೊಡುವ 34ನೇ ಸೆಕ್ಷನ್ ಯಾರಿಗೆಲ್ಲ ಎಂದು ಹೆಸರಿಸುತ್ತದೆ. ದೃಷ್ಟಿ, ಶ್ರವಣ, ಚಲನೆಯ ವೈಕಲ್ಯಗಳಿಗೆ ತಲಾ ಶೇ 1. ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ವೈಕಲ್ಯ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯಗಳಿಗೆ ಸೇರಿ ಉಳಿದ ಶೇ 1. ರಕ್ತದ ಕಾಯಿಲೆಗಳು ಮತ್ತು ದೀರ್ಘಕಾಲದ ನರರೋಗಗಳು ಆ ಸಾಲುಗಳಲ್ಲಿ ಇಲ್ಲ. ಒಂದೇ ಕಾಯ್ದೆ ಕಾಲೇಜಿನ ಬಾಗಿಲಲ್ಲಿ ನನ್ನನ್ನು ಅಂಗವಿಕಲನೆಂದು ಒಳಗೆ ಕರೆಯಿತು, ಕಚೇರಿಯ ಬಾಗಿಲಲ್ಲಿ ನೀನು ಆ ಲೆಕ್ಕಕ್ಕೆ ಬರುವುದಿಲ್ಲ ಎಂದಿತು. ಹೊಳೆದಂಡೆಯವರೇ, ನಿಮ್ಮ ಅಕ್ಕನಿಗೆ ನಾಳೆ ಶೇ 50 ಬಂದರೂ ಅದು ಮಲ್ಟಿಪಲ್ ಸ್ಕ್ಲಿರೋಸಿಸ್ ಹೆಸರಿನಲ್ಲಿದ್ದರೆ ಇದೇ ಪ್ರಶ್ನೆ ಎದುರಾಗುತ್ತದೆ. ಚಲನೆಯ ವೈಕಲ್ಯವೆಂದು ಪ್ರತ್ಯೇಕವಾಗಿ ನಮೂದಿಸಲು ಬರುತ್ತದೆಯೇ ಎಂಬುದನ್ನು ಮೇಲ್ಮನವಿಯ ಹೊತ್ತಿನಲ್ಲೇ ತಜ್ಞರ ಬಳಿ ಕೇಳಿ, ಪ್ರಮಾಣಪತ್ರ ಬಂದ ಮೇಲೆ ಕೇಳಿದರೆ ಮತ್ತೆ ಮೊದಲಿನಿಂದ ಓಡಾಡಬೇಕು.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ. ನನ್ನನ್ನು ಇಂದಿಗೂ ನಡೆದಾಡುವಂತೆ ಇಟ್ಟಿರುವ ಔಷಧ ಶೇಕಡಾವಾರು ಕೇಳಿಯೇ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಫ್ಯಾಕ್ಟರ್ ಬಾಟಲಿಗಳನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ತರುತ್ತೇನೆ. ಅಲ್ಲಿ ಕೇಳುವುದು ರೋಗದ ದಾಖಲೆ ಮತ್ತು ನೋಂದಣಿ ಮಾತ್ರ. ಚಿಕಿತ್ಸೆಗೆ ಹೋಗುವಾಗ ರೈಲಿನಲ್ಲಿ ಸಿಗುವ ರಿಯಾಯಿತಿಯೂ ನಿಗದಿತ ನಮೂನೆಯಲ್ಲಿ ವೈದ್ಯರು ಕೊಡುವ ಪತ್ರದ ಮೇಲೆ ನಿಂತಿದೆ. ಗುಮಾಸ್ತರು ಹೇಳಿದ ‘ಯಾವ ರೋಗ’ ಎಂದು ಕೇಳುವ ಕಿಟಕಿ ಇದು. ನನ್ನ ಮಟ್ಟಿಗೆ ಮಾಸಾಶನಕ್ಕಿಂತ ನೂರು ಪಾಲು ದೊಡ್ಡದು ಇದೇ. ನಿಮ್ಮ ಅಕ್ಕನ ಔಷಧಗಳಲ್ಲಿ ಯಾವುದು ಸರ್ಕಾರಿ ಬೋಧನಾ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಸಿಗುತ್ತದೆ ಎಂದು ವಿಚಾರಿಸಿದ್ದೀರಾ? ಮೇಲ್ಮನವಿ ತೀರ್ಮಾನವಾಗುವವರೆಗೂ ಕೈಕಟ್ಟಿ ಕೂರಬೇಡಿ ಎಂಬುದೇ ನನ್ನ ಮಾತಿನ ಸಾರ.

ಉತ್ತರ: ‘ವಕಾಲತ್ತು’

ಶೇ 35ರ ಕಾಗದವನ್ನು ಪೆಟ್ಟಿಗೆಯಲ್ಲಿಡಿ ಎಂದವರು ಕಾಯ್ದೆಯನ್ನು ಅರ್ಧ ಓದಿದ್ದಾರೆ. ಕಾಯ್ದೆಯಲ್ಲಿ ಎರಡು ವ್ಯಾಖ್ಯೆಗಳು ಪಕ್ಕಪಕ್ಕದಲ್ಲೇ ಇವೆ. 2(ಆರ್) ಉಪವಾಕ್ಯವು ‘ಬೆಂಚ್‌ಮಾರ್ಕ್ ವೈಕಲ್ಯ’ ಎಂಬುದನ್ನು ಹೇಳುತ್ತದೆ, ಅದಕ್ಕೆ ಕನಿಷ್ಠ ಶೇ 40 ಬೇಕು. 2(ಎಸ್) ಉಪವಾಕ್ಯವು ‘ಅಂಗವಿಕಲ ವ್ಯಕ್ತಿ’ ಯಾರೆಂದು ಹೇಳುವಾಗ ಯಾವ ಅಂಕಿಯನ್ನೂ ಇಡುವುದಿಲ್ಲ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ಊನವೊಂದು ಸುತ್ತಲಿನ ಅಡೆತಡೆಗಳ ಜೊತೆ ಸೇರಿಕೊಂಡು, ಇತರರಿಗೆ ಸರಿಸಮನಾಗಿ ಸಮಾಜದಲ್ಲಿ ಪಾಲ್ಗೊಳ್ಳದಂತೆ ತಡೆಯುತ್ತಿದ್ದರೆ ಆ ವ್ಯಕ್ತಿ ಅಂಗವಿಕಲ ವ್ಯಕ್ತಿಯೇ. ಈ ವ್ಯಾಖ್ಯೆಯ ಬೇರು ವಿಶ್ವಸಂಸ್ಥೆಯ 2006ರ ಒಡಂಬಡಿಕೆಯಲ್ಲಿದೆ. ಭಾರತ ಅದನ್ನು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಮೀಸಲಾತಿಯಂಥ ಸೌಲಭ್ಯಗಳು ಮೊದಲನೆಯ ವ್ಯಾಖ್ಯೆಗೆ ಅಂಟಿಕೊಂಡಿವೆ. ತಾರತಮ್ಯವಿಲ್ಲದ ನಡವಳಿಕೆ ಮತ್ತು ಅಗತ್ಯಕ್ಕೆ ತಕ್ಕ ಹೊಂದಾಣಿಕೆಯ ಹಕ್ಕು ಎರಡನೆಯದಕ್ಕೆ ಸೇರಿದವು.

ಇದು ನನ್ನ ವ್ಯಾಖ್ಯಾನವಲ್ಲ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವ ಲಿಪಿಕಾರರ ನೆರವನ್ನು ನಿರಾಕರಿಸಿದ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ಇದನ್ನೇ ಹೇಳಿತು. ಬೆಂಚ್‌ಮಾರ್ಕ್ ಇಲ್ಲವೆಂಬ ಒಂದೇ ಕಾರಣಕ್ಕೆ ಹೊಂದಾಣಿಕೆಯನ್ನು ನಿರಾಕರಿಸುವಂತಿಲ್ಲ. ಅದರ ಫಲವಾಗಿ 2022ರಲ್ಲಿ ಶೇ 40ಕ್ಕಿಂತ ಕಡಿಮೆ ಇರುವವರಿಗೂ ಲಿಪಿಕಾರರ ವಿಷಯದಲ್ಲಿ ಮಾರ್ಗಸೂಚಿ ಬಂತು. 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೋಂಡ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ದಿಕ್ಕಿನಿಂದ ಇಲ್ಲಿಗೇ ಬಂದಿದೆ. ಅಲ್ಲಿ ವಾಕ್ ವೈಕಲ್ಯ ಶೇ 40 ದಾಟಿದೆ ಎಂಬ ಕಾರಣಕ್ಕೇ ವೈದ್ಯಕೀಯ ಸೀಟು ತಪ್ಪಿತ್ತು. ಅಂಕಿಯೊಂದರಿಂದಲೇ ಅನರ್ಹತೆ ಬರುವುದಿಲ್ಲ, ಆ ವ್ಯಕ್ತಿ ವ್ಯಾಸಂಗ ಮಾಡಬಲ್ಲರೇ ಎಂಬುದನ್ನು ಮಂಡಳಿ ಪರಿಶೀಲಿಸಬೇಕು ಎಂದು ತೀರ್ಪಾಯಿತು. ಒಬ್ಬರಿಗೆ ಅಂಕಿ ಕಡಿಮೆಯಾಯಿತು, ಇನ್ನೊಬ್ಬರಿಗೆ ಹೆಚ್ಚಾಯಿತು. ಎರಡು ಕಡೆಯೂ ತೊಂದರೆ ಕೊಟ್ಟದ್ದು ಅಂಕಿಯೇ.

ಪ್ರಾಯೋಗಿಕವಾಗಿ ನಿಮ್ಮ ಅಕ್ಕ ಏನು ಕೇಳಬಹುದು? ಎರಡನೇ ಮಹಡಿಯ ತರಗತಿಯನ್ನು ನೆಲಮಹಡಿಗೆ ಬದಲಾಯಿಸುವುದು, ಹೆಚ್ಚು ನಿಂತು ಕಲಿಸುವ ಪಾಠಗಳನ್ನು ಬೆಳಗಿನ ಅವಧಿಗೆ ಹಾಕುವುದು. ಎರಡಕ್ಕೂ ಶಾಲೆಗೆ ಕಾಸು ಖರ್ಚಿಲ್ಲ. ಸರ್ಕಾರಿ ನೌಕರರಾಗಿದ್ದರೆ 20ನೇ ಸೆಕ್ಷನ್ ಬಲವಾದ ಆಸರೆಯಾಗುತ್ತಿತ್ತು. ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ, ಬೇರೆ ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿಯಾದರೂ ಅದೇ ವೇತನ ಶ್ರೇಣಿಯಲ್ಲಿ ಇಟ್ಟುಕೊಳ್ಳಬೇಕು. ಖಾಸಗಿ ಶಾಲೆಯ ಮೇಲೆ ಕಾಯ್ದೆಯ ಹಿಡಿತ ಅಷ್ಟು ಬಿಗಿಯಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೂ 21ನೇ ಸೆಕ್ಷನ್ ಪ್ರಕಾರ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಅದರಲ್ಲಿ ಏನೇನು ಸೌಕರ್ಯ ಕೊಡುತ್ತೇವೆಂದು ವಿವರವಾಗಿ ಬರೆಯಬೇಕೆಂದು ನಿಯಮ ಹೇಳುತ್ತದೆ. ಆ ನೀತಿಯ ಪ್ರತಿ ಕೊಡಿ ಎಂದು ಲಿಖಿತವಾಗಿ ಕೇಳುವುದರಿಂದ ಮಾತು ಆರಂಭಿಸಿ. ಜಗಳದ ಭಾಷೆ ಬೇಡ. ಉತ್ತರವೇ ಬಾರದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕೊಡುವ ದಾರಿ ಇದ್ದೇ ಇದೆ.

ಇನ್ನೊಂದು. ಅಕ್ಕನ ವೇತನ ಚೀಟಿಯಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇದೆಯೇ ನೋಡಿ. ನೌಕರರ ಪಾಲು ಶೇ 0.75, ಅಂದರೆ 18,000ಕ್ಕೆ 135 ರೂಪಾಯಿ. ಅದಿದ್ದರೆ ಚಿಕಿತ್ಸೆಯ ಜೊತೆಗೆ, ಅರ್ಹತಾ ಅವಧಿಯ ವಂತಿಗೆ ಕಟ್ಟಿದವರಿಗೆ, ವೈದ್ಯರು ಪ್ರಮಾಣೀಕರಿಸಿದ ಅನಾರೋಗ್ಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70 ಸಿಗುತ್ತದೆ. ರೋಗ ಉಲ್ಬಣಿಸಿದ ವಾರಗಳಲ್ಲಿ ಅಕ್ಕ ಸಂಬಳವಿಲ್ಲದ ರಜೆ ಹಾಕುತ್ತಿದ್ದರೆ ಇದು ಸಣ್ಣ ಮೊತ್ತವಲ್ಲ.

ಉತ್ತರ: ‘ವಾರಕ್ಕೆ ಮೂರು’

ಇಎಸ್‌ಐ ಮಾತು ಬಂದದ್ದರಿಂದ ನಾನೂ ಬರೆಯುತ್ತೇನೆ. ನಮ್ಮ ಯಜಮಾನರಿಗೆ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ಬಾರಿ, ಬಾರಿಗೆ ನಾಲ್ಕು ಗಂಟೆ ಡಯಾಲಿಸಿಸ್. ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳಗಳನ್ನು ಜೋಡಿಸಿ ಎಡಗೈಯಲ್ಲಿ ಮಾಡಿರುವ ಫಿಸ್ಟುಲಾದ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುಂಯ್‌ಗುಡುವುದು ತಿಳಿಯುತ್ತದೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ರಕ್ತದೊತ್ತಡ ಅಳೆಯುವಂತಿಲ್ಲ, ಅದನ್ನು ತಲೆಯಡಿ ಇಟ್ಟು ಮಲಗುವಂತೆಯೂ ಇಲ್ಲ. ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವರು.

ಇಎಸ್‌ಐ ನಮ್ಮ ಕೈ ಹಿಡಿದದ್ದು ನಿಜ, ಅದನ್ನು ಮರೆಯಲಾರೆ. ಮೊದಲ 91 ದಿನ ಕೂಲಿಯ ಶೇ 70 ಬಂತು. ನಂತರ ದೀರ್ಘಕಾಲದ ರೋಗಗಳಿಗಾಗಿ ಇರುವ ವಿಸ್ತರಿತ ಅನಾರೋಗ್ಯ ಭತ್ಯೆಯಲ್ಲಿ ಶೇ 80ರಂತೆ ಬಂತು. ಅದಕ್ಕೆ 34 ರೋಗಗಳ ಪಟ್ಟಿಯೊಂದಿದೆ, ಕ್ಷಯ, ಕ್ಯಾನ್ಸರ್, ಪಾರ್ಕಿನ್ಸನ್, ಮೂತ್ರಪಿಂಡ ವೈಫಲ್ಯ ಅದರಲ್ಲಿವೆ. ಎರಡು ವರ್ಷ ತುಂಬಿದ ಮೇಲೆ ಭತ್ಯೆ ನಿಂತಿತು. ಕಾಯಿಲೆ ನಿಲ್ಲಲಿಲ್ಲ. ಆಗ ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕೋಣವೆಂದು ಹೋದರೆ, 21ರ ಪಟ್ಟಿಯಲ್ಲಿ ಮೂತ್ರಪಿಂಡದ ಹೆಸರೇ ಇಲ್ಲ. ನಿಮ್ಮಲ್ಲಿ ಶೇ 35ಕ್ಕೆ ಏನು ಬೆಲೆ ಎಂಬ ಚರ್ಚೆ ನಡೆಯುತ್ತಿದೆ. ನಮ್ಮನ್ನು ಅಳೆಯಲು ಕೂಡ ಯಾರೂ ಕರೆಯಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡವರಿಗೆ ಶುಲ್ಕವಿಲ್ಲ, ಈಗ ನಾವು ಅದರಲ್ಲೇ ಇದ್ದೇವೆ. ಯಂತ್ರದ ಖರ್ಚು ಸರ್ಕಾರದ್ದು. ಹೋಗಿ ಬರುವ ಖರ್ಚು ಮತ್ತು ಜೊತೆಗೆ ಹೋಗುವ ನನ್ನ ಮೂರು ದಿನದ ಕೂಲಿ ನಮ್ಮದು. ಆಸ್ಪತ್ರೆಗೆ ಸೇರಿಸಿದರೆ ಆಯುಷ್ಮಾನ್ ಭಾರತ್ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಮನೆಯಲ್ಲಿ ನುಂಗುವ ಮಾತ್ರೆಗೆ, ಆಟೋಗೆ, ಮನೆಯ ಅಕ್ಕಿಗೆ ಆ ಕಾರ್ಡು ಬರುವುದಿಲ್ಲ. ಕೆಲಸ ಮಾಡಲಾಗದವನ ಮನೆ ನಡೆಯುವುದು ಹೇಗೆ ಎಂಬ ಪ್ರಶ್ನೆಗೆ ವೈಕಲ್ಯದ ಇಲಾಖೆಯೂ ಆರೋಗ್ಯದ ಇಲಾಖೆಯೂ ಪರಸ್ಪರರ ಕಡೆ ಬೆರಳು ತೋರಿಸುತ್ತವೆ. ಹೊಳೆದಂಡೆಯವರು ತಪ್ಪು ತಿಳಿಯಬಾರದು, ನಿಮ್ಮ ಅಕ್ಕನ ಕಷ್ಟ ಕಡಿಮೆಯೆಂದು ನಾನು ಹೇಳುತ್ತಿಲ್ಲ. ರೋಗ ಎಂಬ ಕಿಟಕಿ ಒಂದು ಕಡೆ, ವೈಕಲ್ಯ ಎಂಬ ಕಿಟಕಿ ಇನ್ನೊಂದು ಕಡೆ, ನಾವು ಮಾತ್ರ ಎರಡನ್ನೂ ಹೊತ್ತ ಒಂದೇ ದೇಹದವರು ಎಂದು ಹೇಳಲು ಬರೆದೆ.

ಉತ್ತರ: ‘ವಕಾಲತ್ತು’

ಅಮ್ಮ, ನಿಮ್ಮ ಮಾತಿಗೆ ಕಾನೂನಿನಲ್ಲಿ ತೃಪ್ತಿಕರ ಉತ್ತರವಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಪಟ್ಟಿಗೆ ಹೊಸ ವೈಕಲ್ಯವನ್ನು ಸೇರಿಸುವ ಅಧಿಕಾರವನ್ನು ಕಾಯ್ದೆಯ ಅನುಸೂಚಿಯ ಕೊನೆಯ ಸಾಲು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ, ಅದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಿಲ್ಲ, ಅಧಿಸೂಚನೆ ಸಾಕು. ಆ ಬೇಡಿಕೆಯನ್ನು ರೋಗಿಗಳ ಸಂಘಗಳು ಒಟ್ಟಾಗಿ ಇಡಬೇಕು. ಸದ್ಯಕ್ಕೆ ನಿಮಗೆ ಅನ್ವಯವಾಗುವ ಒಂದು ಮಾತು: ಚಿಕಿತ್ಸೆಗಾಗಿ ಪಯಣಿಸುವ ಡಯಾಲಿಸಿಸ್ ರೋಗಿಗಳಿಗೂ ಅವರ ಜೊತೆಗಾರರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ನಿಮ್ಮ ಮಾರ್ಗದಲ್ಲಿ ರೈಲು ಇದ್ದರೆ ಆಸ್ಪತ್ರೆಯಲ್ಲಿ ನಮೂನೆ ಕೇಳಿ ತುಂಬಿಸಿಕೊಳ್ಳಿ.

ಪ್ರತಿಕ್ರಿಯೆ: ‘ಹೊಳೆದಂಡೆ’

ಇಷ್ಟು ಜನ ಇಷ್ಟು ವಿವರವಾಗಿ ಬರೆಯುತ್ತೀರೆಂದು ಎಣಿಸಿರಲಿಲ್ಲ. ಎಲ್ಲವನ್ನೂ ಅಕ್ಕನಿಗೆ ಓದಿ ಹೇಳಿದೆ. ತೀರ್ಮಾನದ ದಿನಾಂಕ ನೋಡಿದರೆ ಇನ್ನೂ 53 ದಿನ ಉಳಿದಿವೆ, ಮೇಲ್ಮನವಿ ಹಾಕುತ್ತೇವೆ. ವೇತನ ಚೀಟಿಯಲ್ಲಿ 135 ರೂಪಾಯಿ ಕಡಿತವಾಗುತ್ತಿರುವುದು ನಿಜ. ಆರು ವರ್ಷದಿಂದ ಅದು ಏನೆಂದು ನಾವು ಕೇಳಿರಲೇ ಇಲ್ಲ. ನೆಲಮಹಡಿಯ ತರಗತಿಗಾಗಿ ಅಕ್ಕ ನಿನ್ನೆ ಪತ್ರ ಬರೆದು ಕೊಟ್ಟಿದ್ದಾಳೆ, ಮುಖ್ಯೋಪಾಧ್ಯಾಯರು ನೋಡೋಣ ಎಂದಿದ್ದಾರೆ. ‘ವಾರಕ್ಕೆ ಮೂರು’ ಅವರೇ, ನೀವು ಹೇಳಿದ್ದನ್ನು ಓದುವಾಗ ಅಕ್ಕ ನಡುವೆ ನಿಲ್ಲಿಸಿ ಇನ್ನೊಮ್ಮೆ ಓದಲು ಹೇಳಿದಳು.

ದಿನಚರಿ ಆರಂಭಿಸಿದ್ದೇವೆ. ಮೊದಲ ದಿನದ ಬರಹ ಹೀಗಿದೆ: ‘ಎರಡನೇ ಅವಧಿ, ತೊಂದರೆಯಿಲ್ಲ. ಐದನೇ ಅವಧಿ, ಸುಣ್ಣದ ಕಡ್ಡಿ ಎರಡು ಸಲ ಕೈಯಿಂದ ಬಿತ್ತು, ಎರಡನೇ ಸಲ ಮಕ್ಕಳು ಎತ್ತಿಕೊಟ್ಟರು. ಇಳಿಯುವಾಗ 22 ಮೆಟ್ಟಿಲು, ಮೂರು ಕಡೆ ನಿಂತೆ.’ ಒಂದು ಸಣ್ಣ ಅನುಮಾನ. ಸಂಜೆ ಹೊತ್ತಿಗೆ ಅವಳ ಅಕ್ಷರ ಓದಲಾಗದಷ್ಟು ಕೆಡುತ್ತದೆ. ನಾನೇ ಅಂದವಾಗಿ ಟೈಪ್ ಮಾಡಿ ಲಗತ್ತಿಸಿದರೆ ನಡೆಯುತ್ತದೆಯೇ?

ಉತ್ತರ: ‘ನಿವೃತ್ತ ಗುಮಾಸ್ತ’

ಟೈಪ್ ಮಾಡಿದ ಪ್ರತಿಯನ್ನೂ ಇಡಿ, ಆದರೆ ಅದು ಮೇಲೆ ಬೇಡ. ಆಕೆ ತನ್ನ ಕೈಯಿಂದ ಬರೆದ ಪುಟಗಳು ಮೊದಲು ಇರಲಿ. ಬೆಳಿಗ್ಗೆ ಬರೆದ ಸಾಲು ಮತ್ತು ಸಂಜೆ ಬರೆದ ಸಾಲು ಒಂದೇ ಹಾಳೆಯಲ್ಲಿ, ಒಂದರ ಕೆಳಗೆ ಒಂದು ಬರುವಂತೆ ಬರೆಯಲು ಹೇಳಿ, ಪಕ್ಕದಲ್ಲಿ ಗಂಟೆ ನಮೂದಿಸಲಿ. ತಿದ್ದಬೇಡಿ.